ತಕ್ಕಡಿ ಮತ್ತು ಕೊಸರು

ಧರ್ಮಾಧರ್ಮಗಳ ವಿಚಾರವು ಎದ್ದಾಗ ವಿದ್ಯಾವಂತರ ಮನಸ್ಸು ಸಾಮಾನ್ಯವಾಗಿ ದೊಡ್ಡ ಸಂದರ್ಭಗಳ ಕಡೆಗೆ ಓಡುವುದು. ರಣರಂಗದಲ್ಲಿ ಬಿಲ್ಲನ್ನು ಕೆಳಗಿಟ್ಟ ಅರ್ಜುನನೋ ಮಸಣವನ್ನು ಕಾಯ್ದ ಹರಿಶ್ಚಂದ್ರನೋ ನೆನಪಿಗೆ ಬರುವರು. ಅಂತಹ ಸಂಕಟವು ಸಾಮಾನ್ಯ ಗೃಹಸ್ಥನ ಪಾಲಿಗೆ ಜನ್ಮದಲ್ಲಿ ಒಮ್ಮೆ ಬಂದರೂ ಬರಬಹುದು, ಬಾರದೆಯೂ ಇರಬಹುದು. ಆದರೆ ಉಪ್ಪು, ಬೇಳೆ, ಎಣ್ಣೆಗಳನ್ನು ಕೊಳ್ಳುವ ಸಂದರ್ಭವು ವಾರಕ್ಕೊಮ್ಮೆಯಾದರೂ ಬಂದೇ ಬರುವುದು. ಹಣ ಕೊಟ್ಟು ಸಾಮಾನು ತೆಗೆದುಕೊಳ್ಳುವ ಆ ಎರಡು ನಿಮಿಷಗಳಲ್ಲಿ ಇಬ್ಬರು ಅಪರಿಚಿತರು ಎದುರುಬದುರಾಗಿ ನಿಲ್ಲುತ್ತಾರೆ. ಅವರಲ್ಲಿ ಒಬ್ಬರಿಗೆ ಇನ್ನೊಬ್ಬರು ಸಲ್ಲಿಸಬೇಕಾದುದು ಏನು ಎಂಬುದು ಸಣ್ಣ ಪ್ರಶ್ನೆಯಂತೆ ತೋರಿದರೂ ವಿಚಾರಕ್ಕೆ ಯೋಗ್ಯವಾದುದು.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ತಿಂಗಳ ಮೊದಲನೆಯ ಭಾನುವಾರ, ಸಂಜೆಯ ಹೊತ್ತು. ಪಟ್ಟಣದ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ಲಿನ ಕೌಂಟರಿನ ಮುಂದೆ ಹತ್ತು ಹನ್ನೆರಡು ಮಂದಿ ತಳ್ಳುಗಾಡಿಗಳನ್ನು ಹಿಡಿದು ಸಾಲಾಗಿ ನಿಂತಿದ್ದಾರೆ. ಕೌಂಟರಿನ ಹಿಂದೆ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಬೆಳಗಿನಿಂದ ನಿಂತೇ ಕೆಲಸ ಮಾಡುತ್ತಿದ್ದಾಳೆ. ಒಬ್ಬ ಗೃಹಸ್ಥನ ಸರದಿ ಬಂದಿತು. ಅವನು ತಂದ ಎಣ್ಣೆಯ ಪೊಟ್ಟಣಕ್ಕೆ ಷೆಲ್ಫಿನ ಚೀಟಿಯಲ್ಲಿ ೧೪೨ ರೂಪಾಯಿ ಎಂದಿತ್ತು. ಯಂತ್ರವು ೧೫೬ ಎಂದು ತೋರಿಸಿತು. ಗೃಹಸ್ಥನು ಕೆರಳಿದನು. "ಹಗಲುದರೋಡೆಗೇ ನಿಂತಿದ್ದೀಯಾ?" ಎಂದನು. "ದರ ಹಾಕುವುದು ನಾನಲ್ಲ ಸರ್, ಮ್ಯಾನೇಜರನ್ನು ಕರೆಯುತ್ತೇನೆ" ಎಂದಳು ಹುಡುಗಿ. "ನಿನಗೆ ಓದುಬರಹ ಬರುತ್ತದೆಯೋ ಇಲ್ಲವೋ?" ಎಂದು ಅವನು ಸಾಲಿನವರೆಲ್ಲ ಕೇಳುವಂತೆ ಕೂಗಿದನು. ಮ್ಯಾನೇಜರು ಬಂದು ದರವನ್ನು ತಿದ್ದಿದನು. ಗೃಹಸ್ಥನು ಹದಿನಾಲ್ಕು ರೂಪಾಯಿಗಳನ್ನು ಉಳಿಸಿಕೊಂಡು ಹೊರಟುಹೋದನು. ಹುಡುಗಿಯು ಒಂದು ಕ್ಷಣ ತಲೆ ತಗ್ಗಿಸಿದ್ದು, ಆಮೇಲೆ ಮುಂದಿನ ವೃದ್ಧೆಯ ಕಡೆಗೆ ತಿರುಗಿ, ಕಲಿಸಿದ್ದಂತೆಯೇ ನಕ್ಕು, "ನಮಸ್ತೆ ಅಮ್ಮ, ಬ್ಯಾಗು ಬೇಕೇ?" ಎಂದಳು.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಗೃಹಸ್ಥನು ಕೇಳಿದ ಹದಿನಾಲ್ಕು ರೂಪಾಯಿ ನ್ಯಾಯವಾದುದೇ. ಹಾಗಿದ್ದರೂ ಅವನು ಏನೋ ತಪ್ಪುಮಾಡಿದನೆಂದು ನೋಡಿದವರಿಗೆ ಅನ್ನಿಸುವುದೇಕೆ? ಹುಡುಗಿಯ ಆ ನಗೆಯು ಸಂಬಳಕ್ಕಾಗಿ ನಕ್ಕ ನಗೆ. ಅದು ಸುಳ್ಳೋ ನಿಜವೋ?

ಉತ್ತರಕ್ಕೆ ಹಳೆಯ ದಿನಸಿ ಅಂಗಡಿಯ ಭಾಷೆಯೇ ಸಹಾಯ ಮಾಡುವುದು. ಅಲ್ಲಿ ತೂಕವೆಂಬುದೊಂದು, ಕೊಸರೆಂಬುದು ಇನ್ನೊಂದು. ತೂಕವು ಗಿರಾಕಿಯ ಹಕ್ಕು. ಕೊಟ್ಟ ಹಣಕ್ಕೆ ಸರಿಯಾದ ಬೇಳೆ ಬಾರದಿದ್ದರೆ ಅವನು ಜಗಳವಾಡಬಹುದು, ದೂರನ್ನೂ ಕೊಡಬಹುದು. ಕೊಸರಾದರೋ ಅಳತೆ ಮುಗಿದ ಮೇಲೆ ಮಾರುವವನು ಮೇಲೆ ಹಾಕುವ ಒಂದು ಹಿಡಿ. ತರಕಾರಿಯವಳು ಚೀಲಕ್ಕೆ ಸೇರಿಸುವ ನಾಲ್ಕು ಎಸಳು ಕರಿಬೇವು. ಕೊಸರನ್ನು ಸಲಿಗೆಯಿಂದ ಕೇಳುವುದುಂಟು. ಗದರಿಸಿ ವಸೂಲು ಮಾಡುವುದಿಲ್ಲ. ವಸೂಲಾದುದು ಕೊಸರೇ ಅಲ್ಲ. ಮನುಷ್ಯರ ನಡುವೆ ನ್ಯಾಯವು ತೂಕದಂತೆ, ವಿಶ್ವಾಸವು ಕೊಸರಿನಂತೆ.

ಹಳೆಯ ಅಂಗಡಿಯನ್ನು ಸ್ವರ್ಗವೆಂದು ವರ್ಣಿಸುವುದು ಸರಿಯಲ್ಲ. ಅಂಗಡಿಕಾರನು ಜಮೀನ್ದಾರರ ಮನೆಯವರ ಯೋಗಕ್ಷೇಮವನ್ನು ವಿಚಾರಿಸಿ ಕೊಸರು ಹಾಕುತ್ತಿದ್ದ ಅದೇ ಜಗಲಿಯ ಕೆಳಗೆ ಕೂಲಿಯವನು ದೂರದಲ್ಲಿ ನಿಂತು, ಮೇಲಿನಿಂದ ಎಸೆದ ಪೊಟ್ಟಣವನ್ನು ಹಿಡಿದುಕೊಳ್ಳಬೇಕಾದ ಊರುಗಳಿದ್ದುವು. ಉದ್ದರಿಯ ಲೆಕ್ಕ ಓದಲು ಬಾರದವನಿಗೆ ಬೇರೆಯಾಗಿಯೂ, ಓದಬಲ್ಲವನಿಗೆ ಬೇರೆಯಾಗಿಯೂ ಬೆಳೆಯುವುದಿತ್ತು. ಮುಖ ನೋಡಿ ಮಣೆ ಹಾಕುವ ಕಡೆ ಕೊಸರೆಂಬುದು ಅನೇಕ ವೇಳೆ ಪಕ್ಷಪಾತದ ಇನ್ನೊಂದು ಹೆಸರಾಗಿತ್ತು.

ಹೊಸ ಅಂಗಡಿಯು ಈ ದೋಷವನ್ನು ಬಹುಮಟ್ಟಿಗೆ ಕಳೆದಿದೆಯೆಂಬುದನ್ನು ಒಪ್ಪಬೇಕು. ೧೯೧೬ ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತನು ಪಿಗ್ಲಿ ವಿಗ್ಲಿ ಎಂಬ ಅಂಗಡಿಯನ್ನು ತೆರೆದನು. ಅದುವರೆಗೆ ಗಿರಾಕಿಯು ಕೇಳಿದ ಸಾಮಾನನ್ನು ಗುಮಾಸ್ತನು ಒಳಗಿನಿಂದ ತಂದುಕೊಡುತ್ತಿದ್ದನು. ಸಾಂಡರ್ಸನ ಅಂಗಡಿಯಲ್ಲಿ ಗಿರಾಕಿಯೇ ಬುಟ್ಟಿ ಹಿಡಿದು ಒಳಹೊಕ್ಕು, ಬೆಲೆ ಬರೆದಿಟ್ಟ ಸಾಮಾನುಗಳನ್ನು ಆರಿಸಿಕೊಂಡು, ಹೊರಬೀಳುವ ದಾರಿಯಲ್ಲಿ ಹಣ ಕೊಡುವ ಏರ್ಪಾಡಾಯಿತು. ಬೆಲೆಯು ಎಲ್ಲರಿಗೂ ಒಂದೇ; ಮುಖ ನೋಡುವ ಪ್ರಸಕ್ತಿಯಿಲ್ಲ. ಹಣವನ್ನು ದಾಖಲೆಮಾಡುವ ಯಂತ್ರವು ಅದಕ್ಕೂ ಮೊದಲು, ೧೮೭೯ ರಲ್ಲಿ, ಓಹಾಯೋ ಸೀಮೆಯ ಡೇಟನ್ ಪಟ್ಟಣದಲ್ಲಿ ಹುಟ್ಟಿತ್ತು. ಪಾನಗೃಹವನ್ನು ನಡೆಸುತ್ತಿದ್ದ ಜೇಮ್ಸ್ ರಿಟ್ಟಿ ಎಂಬವನು ತನ್ನ ಆಳುಗಳು ಗಲ್ಲಾಪೆಟ್ಟಿಗೆಯಿಂದ ಹಣ ಕದಿಯುವುದನ್ನು ತಡೆಯಲು ಅದನ್ನು ಕಲ್ಪಿಸಿದನು. ಅದೇ ಓಹಾಯೋದ ಟ್ರಾಯ್ ಪಟ್ಟಣದಲ್ಲಿ ೧೯೭೪ ರ ಜೂನ್ ೨೬ ರಂದು, ಮೊದಲ ಬಾರಿಗೆ ಪೊಟ್ಟಣದ ಮೇಲಿನ ಬಾರ್‌ಕೋಡ್ ಗೆರೆಗಳನ್ನು ಓದಿ ಯಂತ್ರವೇ ಬೆಲೆಯನ್ನು ಹೇಳಿತು. ಆ ಪೊಟ್ಟಣವು ಅಗಿಯುವ ಗಮ್ಮಿನದಾಗಿತ್ತು. ಹೀಗೆ ಆರಿಸುವ ಕೆಲಸವು ಗಿರಾಕಿಗೂ, ಬೆಲೆ ಹೇಳುವ ಕೆಲಸವು ಯಂತ್ರಕ್ಕೂ ಹೋದುವು. ಅಂಗಡಿಯ ತುಂಬ ಹರಡಿಕೊಂಡಿದ್ದ ಮಾತುಕತೆಯೆಲ್ಲವೂ ಕುಗ್ಗಿ ಕುಗ್ಗಿ ಕಡೆಯ ಕೌಂಟರಿನ ಒಂದೆರಡು ವಾಕ್ಯಗಳಲ್ಲಿ ಬಂದು ನಿಂತಿತು.

ತೂಕವು ಯಂತ್ರದ ಪಾಲಾಯಿತು; ಕೊಸರು ಎಲ್ಲಿ ಹೋಯಿತು? ಮಾರಾಟದ ಚತುರರು ಅದನ್ನೂ ಬಿಡಲಿಲ್ಲ. ಗಿರಾಕಿಯನ್ನು ಕಂಡೊಡನೆ ನಗಬೇಕು, ನಮಸ್ಕರಿಸಬೇಕು, ಹೊರಡುವಾಗ ಮತ್ತೆ ಬರುವಂತೆ ಹೇಳಬೇಕು ಎಂದು ನಿಯಮಗಳಾದುವು. ಆರ್ಲಿ ಹಾಕ್‌ಷೀಲ್ಡ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆಯು ವಿಮಾನದ ಪರಿಚಾರಿಕೆಯರ ಜೀವನವನ್ನು ಪರಿಶೀಲಿಸಿ ೧೯೮೩ ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದಳು. ಮೈಯ ದುಡಿಮೆ, ಬುದ್ಧಿಯ ದುಡಿಮೆಗಳಂತೆ ಭಾವದ ದುಡಿಮೆಯೂ ಒಂದು ಉಂಟೆಂದೂ, ನಗೆಯು ಸಂಬಳದ ಭಾಗವಾದಾಗ ನಗುವವರಿಗೆ ತಮ್ಮ ಸ್ವಂತ ಭಾವವು ಯಾವುದೆಂದು ತಿಳಿಯುವುದೇ ಕಷ್ಟವಾಗಬಹುದೆಂದೂ ಆಕೆಯ ವಾದದ ಸಾರ. ನಗೆಯನ್ನು ಕೊಳ್ಳುವವರೂ ಎಲ್ಲೆಡೆಯೂ ಅದನ್ನು ಮೆಚ್ಚುವುದಿಲ್ಲ. ವಾಲ್‌ಮಾರ್ಟ್ ಎಂಬ ಅಮೆರಿಕದ ಸಂಸ್ಥೆಯು ೧೯೯೭ ರಲ್ಲಿ ಜರ್ಮನಿಯನ್ನು ಹೊಕ್ಕು, ನಷ್ಟವನ್ನು ಹೊಂದಿ, ೨೦೦೬ ರಲ್ಲಿ ಹಿಂದಿರುಗಿತು. ಅದಕ್ಕೆ ಕಾರಣಗಳು ಅನೇಕ; ಆದರೆ ಅಪರಿಚಿತರ ಕಟ್ಟುಪಾಡಿನ ನಗೆಯು ಅಲ್ಲಿನವರಿಗೆ ಒಗ್ಗಲಿಲ್ಲವೆಂಬುದನ್ನೂ ಅವುಗಳಲ್ಲಿ ಒಂದಾಗಿ ಹೇಳುವುದುಂಟು.

ಹಾಗೆಂದು ಕಲಿಸಿದ ನಗೆಯೆಲ್ಲವೂ ಸುಳ್ಳೆಂದು ತಳ್ಳಿಬಿಡುವುದು ಅವಸರದ ಮಾತು. ಮಗುವಿಗೆ ಹಿರಿಯರನ್ನು ಕಂಡರೆ ಕೈಮುಗಿಯಬೇಕೆಂದು ಕಲಿಸುವಾಗ ಅದರ ಹೃದಯದಲ್ಲಿ ಭಕ್ತಿಯು ಇನ್ನೂ ಮೂಡಿರುವುದಿಲ್ಲ. ಮನೆಗೆ ಬಂದ ಅತಿಥಿಯನ್ನು ತಲೆನೋವಿದ್ದಾಗಲೂ ಮುಗುಳ್ನಗೆಯಿಂದ ಬರಮಾಡಿಕೊಳ್ಳುವ ಗೃಹಿಣಿಯನ್ನು ಯಾರೂ ಕಪಟಿಯೆನ್ನುವುದಿಲ್ಲ. ಮರ್ಯಾದೆಯು ಭಾವವಿಲ್ಲದಿದ್ದರೂ ಸಲ್ಲಿಸಬಹುದಾದ, ಸಲ್ಲಿಸಲೇಬೇಕಾದ ಋಣ. ಅದು ತೂಕಕ್ಕೆ ಸೇರಿದುದು. ಅಕ್ಕರೆಯು ಕೊಸರಿಗೆ ಸೇರಿದುದು. ಯಜಮಾನನು ಮರ್ಯಾದೆಯನ್ನು ವಿಧಿಸಬಹುದು. ಅಕ್ಕರೆಯನ್ನೂ ವಿಧಿಸಲು ಹೊರಟಾಗ ಕೆಡುಕು ಮೊದಲಾಗುತ್ತದೆ. ಆ ಹುಡುಗಿಯು ಕಣ್ಣೀರನ್ನು ನುಂಗಿ ವೃದ್ಧೆಯನ್ನು "ಅಮ್ಮ" ಎಂದು ಕರೆದುದು ಸುಳ್ಳಲ್ಲ. ಹಿಂದಿನವನ ಕೋಪವನ್ನು ಮುಂದಿನವಳಿಗೆ ದಾಟಿಸದಿರುವುದು ಒಂದು ಸಂಯಮ. ತಪಸ್ವಿಗಳಿಗೂ ಅದು ಸುಲಭವಲ್ಲ.

ತಪಸ್ವಿಗಳ ಮಾತು ಬಂದುದರಿಂದ ಮಹಾಭಾರತದ ಶಾಂತಿಪರ್ವದ ಒಂದು ಕಥೆಯನ್ನು ನೆನೆಯಬಹುದು. ಜಾಜಲಿಯೆಂಬ ಮುನಿಯು ಮರದಂತೆ ನಿಶ್ಚಲನಾಗಿ ನಿಂತು ತಪಸ್ಸು ಮಾಡುತ್ತಿರಲು, ಅವನ ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿಮಾಡಿದುವು. ಮರಿಗಳು ಬಲಿತು ಹಾರಿಹೋಗುವವರೆಗೂ ಅವನು ಕದಲಲಿಲ್ಲ. ಧರ್ಮವು ತನಗೆ ಕೈವಶವಾಯಿತೆಂದು ಅವನು ಹಿಗ್ಗಿದಾಗ, ವಾರಾಣಸಿಯ ತುಲಾಧಾರನಿಗೆ ನೀನು ಸಮನಲ್ಲವೆಂದು ಆಕಾಶದಿಂದ ಒಂದು ನುಡಿ ಕೇಳಿಸಿತು. ಮುನಿಯು ಹುಡುಕಿಕೊಂಡು ಹೋದಾಗ ಕಂಡದ್ದು ಸರಕುಗಳನ್ನು ಮಾರುತ್ತಿದ್ದ ಒಬ್ಬ ವರ್ತಕನನ್ನು. ಆ ವರ್ತಕನು ಎದ್ದು ಆದರದಿಂದ ಸ್ವಾಗತಿಸಿ, ತನ್ನ ತಕ್ಕಡಿಯು ಸಮಸ್ತ ಜೀವಿಗಳಿಗೂ ಸಮವಾಗಿ ನಿಲ್ಲುವುದೆಂದು ತಿಳಿಸಿದನು. ಹಕ್ಕಿಗಳಿಗಾಗಿ ಅಲುಗಾಡದೆ ನಿಂತವನಿಗೆ ಧರ್ಮವನ್ನು ಬೋಧಿಸಿದವನು ಅಂಗಡಿಯಲ್ಲಿದ್ದವನು. ತಕ್ಕಡಿಗೆ ತಟ್ಟೆಗಳು ಎರಡು. ಒಂದರಲ್ಲಿ ಸರಕಿದ್ದರೆ ಇನ್ನೊಂದರಲ್ಲಿ ಬಟ್ಟಿರಬೇಕು. ತೂಗುವವನು ಒಬ್ಬನೇ ಸಮನಾಗಿದ್ದರೆ ಸಾಲದು.

ಅಂಗಡಿಯ ಕಡೆಯ ತಟ್ಟೆಯಲ್ಲಿ ಇರಬೇಕಾದುದು ಸ್ಪಷ್ಟವಾಗಿದೆ: ಬರೆದ ಬೆಲೆ, ಸರಿಯಾದ ಬಿಲ್ಲು, ಚಿಲ್ಲರೆಗೆ ಬದಲಾಗಿ ಮಿಠಾಯಿಯನ್ನಲ್ಲದೆ ಚಿಲ್ಲರೆಯನ್ನೇ ಕೊಡುವುದು, ಸಾಲಿನಲ್ಲಿ ಮೊದಲು ಬಂದವರಿಗೆ ಮೊದಲ ಸರದಿ. ಗಿರಾಕಿಯ ಫೋನಿನ ಸಂಖ್ಯೆಯನ್ನು ಪಡೆಯದೆ ಬಿಲ್ಲು ಮಾಡುವುದಿಲ್ಲವೆಂದು ಅಂಗಡಿಗಳು ಹಟ ಹಿಡಿಯಬಾರದೆಂದು ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ೨೦೨೩ ರಲ್ಲಿ ಸೂಚಿಸಿತು. ಅದೂ ತೂಕಕ್ಕೇ ಸೇರಿದ ವಿಷಯ. ಇವು ತಪ್ಪಿದರೆ ಗಿರಾಕಿಯು ಕೇಳಬಹುದು, ಕೇಳಲೂಬೇಕು. ಸುಮ್ಮನಿರುವುದು ಸಜ್ಜನಿಕೆಯಲ್ಲ, ಮುಂದೆ ಬರುವ ಬಡವನೂ ಮೋಸಹೋಗಲು ಅದು ದಾರಿಯಾಗುವುದು.

ಗಿರಾಕಿಯ ತಟ್ಟೆಯಲ್ಲಿ ಹಣವೊಂದಿದ್ದರೆ ಸಾಕೆಂಬುದು ಬಹುಜನರ ಭಾವನೆ. ಗಿರಾಕಿಯೇ ದೇವರೆಂಬ ಫಲಕವನ್ನು ಅಂಗಡಿಗಳೇ ತೂಗಹಾಕಿ ಈ ಭಾವನೆಯನ್ನು ಬೆಳೆಸಿವೆ. ದೇವರ ಪದವಿಯು ದೊರೆತೊಡನೆ ದೇವರ ಕ್ಷಮೆಯೂ ಬರುವುದಾದರೆ ಒಳ್ಳೆಯದೇ. ಬರುವುದು ಸಾಮಾನ್ಯವಾಗಿ ಕ್ಷುದ್ರದೇವತೆಯ ಸಿಟ್ಟು. ಮನುಷ್ಯನನ್ನು ಎಂದಿಗೂ ಬರಿಯ ಸಾಧನವೆಂದು ಎಣಿಸಬಾರದೆಂದು ಜರ್ಮನಿಯ ತತ್ತ್ವಜ್ಞಾನಿ ಕಾಂಟನು ೧೭೮೫ ರಲ್ಲಿ ಪ್ರತಿಪಾದಿಸಿದನು. ಬಿಲ್ಲು ಮಾಡುವವಳನ್ನು ಸಾಧನವಾಗಿ ಬಳಸಿಕೊಳ್ಳುವುದು ಅನಿವಾರ್ಯ. ಅವಳು ಅಲ್ಲಿರುವುದೇ ಆ ಕೆಲಸಕ್ಕೆ. 'ಬರಿಯ' ಎಂಬ ಪದದಲ್ಲಿಯೇ ಎಲ್ಲವೂ ಅಡಗಿದೆ. ಆ ಗೃಹಸ್ಥನ ತಪ್ಪು ಹದಿನಾಲ್ಕು ರೂಪಾಯಿ ಕೇಳಿದುದಲ್ಲ. ದರ ಹಾಕಿದವರು ದೂರದಲ್ಲಿದ್ದರು. ಕೈಗೆ ಸಿಕ್ಕಿದವಳು, ಎದುರಾಡಿದರೆ ಕೆಲಸ ಕಳೆದುಕೊಳ್ಳುವವಳು, ಅವಳೊಬ್ಬಳೇ. ಹೊಡೆತವನ್ನು ಹಿಂದಿರುಗಿಸಲಾರದವರನ್ನೇ ಆರಿಸಿ ಹೊಡೆಯುವುದಕ್ಕೆ ನ್ಯಾಯದ ಹೆಸರು ಕೊಟ್ಟುಕೊಂಡುದು ಅವನ ತಪ್ಪು. ತನಗೆ ಬರಬೇಕಾದುದನ್ನು ಕಾಸಿಗೆ ಕಾಸು ತೂಗಿಸಿಕೊಂಡವನು ತಾನು ಕೊಡಬೇಕಾದ ಮರ್ಯಾದೆಯನ್ನು ತೂಕದಲ್ಲಿ ಕಡಮೆಮಾಡಿದನು. ಇಂತಹ ಕೋಪವು ಮಾತಿನಲ್ಲಿಯೇ ನಿಲ್ಲುವುದಿಲ್ಲವೆಂದು ಕಂಡು, ಸ್ಕಾಟ್ಲೆಂಡು ೨೦೨೧ ರಲ್ಲಿ ಅಂಗಡಿಯ ಕೆಲಸಗಾರರ ಮೇಲಿನ ಹಲ್ಲೆ ಬೆದರಿಕೆಗಳನ್ನು ಪ್ರತ್ಯೇಕ ಅಪರಾಧವೆಂದು ಕಾನೂನು ಮಾಡಬೇಕಾಯಿತು.

ಯಜಮಾನನಿಗೂ ಪಾಲುಂಟು. ನಗೆಯನ್ನು ಬಯಸುವವನು ನಗುವ ಶಕ್ತಿಯನ್ನು ಉಳಿಸಬೇಕು. ಅಂಗಡಿಯ ಕೆಲಸದ ಹೆಂಗಸರಿಗೆ ಆಸನಗಳನ್ನು ಒದಗಿಸಬೇಕೆಂದು ಬ್ರಿಟಿಷ್ ಪಾರ್ಲಿಮೆಂಟು ೧೮೯೯ ರಲ್ಲಿಯೇ ಕಾನೂನು ಮಾಡಿತು. ಮೂವರಿಗೆ ಒಂದು ಆಸನವಾದರೂ ಇರಬೇಕೆಂದಿತ್ತು. ಕೇರಳದಲ್ಲಿ ಬಟ್ಟೆ ಅಂಗಡಿಗಳ ಹೆಂಗಸರು ಕುಳಿತುಕೊಳ್ಳುವ ಹಕ್ಕಿಗಾಗಿ ಚಳವಳಿ ಹೂಡಿ, ೨೦೧೮ ರಲ್ಲಿ ಅದನ್ನು ಪಡೆದರು. ತಮಿಳುನಾಡು ೨೦೨೧ ರಲ್ಲಿ ಅದೇ ದಾರಿ ಹಿಡಿಯಿತು. ಕುಳಿತುಕೊಳ್ಳುವುದಕ್ಕೂ ಚಳವಳಿ ಬೇಕಾಯಿತೆಂಬುದು, ಅಷ್ಟು ವರ್ಷ ಅದೇ ಅಂಗಡಿಗಳಲ್ಲಿ ಕುರ್ಚಿಯ ಮೇಲೆ ಕುಳಿತು ಸೀರೆ ಆರಿಸಿದ ಗಿರಾಕಿಗಳೂ ಯೋಚಿಸತಕ್ಕ ವಿಷಯ.

ಕೊಸರಿಗೆ ಬೇಕಾದ ಇನ್ನೊಂದು ವಸ್ತು ಕಾಲ. ನೆದರ್ಲೆಂಡಿನ ಜಂಬೋ ಎಂಬ ಸಂಸ್ಥೆಯು ೨೦೧೯ ರಲ್ಲಿ ಫ್ಲೈಮನ್ ಎಂಬ ಊರಿನ ತನ್ನ ಅಂಗಡಿಯಲ್ಲಿ ಹರಟೆಯ ಕೌಂಟರೊಂದನ್ನು ತೆರೆಯಿತು. ಅವಸರವಿಲ್ಲದವರು, ಮುಖ್ಯವಾಗಿ ಒಂಟಿಯಾಗಿ ಬಾಳುವ ವೃದ್ಧರು, ಅಲ್ಲಿ ನಿಂತು ಬಿಲ್ಲಿನೊಡನೆ ನಾಲ್ಕು ಮಾತುಗಳನ್ನೂ ಆಡಬಹುದು. ಇತ್ತ, ಗಿರಾಕಿಯೇ ಬಿಲ್ಲು ಮಾಡಿಕೊಳ್ಳುವ ಯಂತ್ರಗಳು ಹರಡುತ್ತಿರುವಾಗ, ಇಂಗ್ಲೆಂಡಿನ ಉತ್ತರ ಭಾಗದ ಬೂತ್ಸ್ ಎಂಬ ಸಂಸ್ಥೆಯು ೨೦೨೩ ರಲ್ಲಿ ತನ್ನ ಬಹುತೇಕ ಅಂಗಡಿಗಳಿಂದ ಅವುಗಳನ್ನು ತೆಗೆದುಹಾಕಲು ನಿರ್ಧರಿಸಿತು. ಯಂತ್ರವನ್ನು ಬಯಸುವವರೂ ಇದ್ದಾರೆ. ಮೌನವಾಗಿ ಸಾಮಾನು ಕೊಂಡು ಹೋಗುವುದು ಅಪರಾಧವಲ್ಲ. ದುಃಖದಲ್ಲಿರುವವನೊಬ್ಬನಿಗೆ ಆ ದಿನ ಮಾತನಾಡಿಸದಿರುವುದೇ ಉಪಕಾರವಾಗಬಹುದು. ಎದುರಿನವರಿಗೆ ಮಾತು ಬೇಕೋ ಮೌನ ಬೇಕೋ ಎಂದು ಮುಖ ನೋಡಿ ತಿಳಿಯುವುದೇ ಕೊಸರು. ಮುಖ ನೋಡಿ ತೂಕ ಬದಲಿಸುವುದು ಅಧರ್ಮ. ಹಳೆಯ ಅಂಗಡಿಯು ಅನೇಕ ವೇಳೆ ಎರಡನ್ನೂ ಬೆರಸಿತು. ಹೊಸದು ಎರಡನ್ನೂ ಕಳೆದುಕೊಳ್ಳುವ ದಾರಿಯಲ್ಲಿದೆ.

ಮೊದಲಿನ ಪ್ರಸಂಗಕ್ಕೆ ಹಿಂದಿರುಗಿದರೆ, ವೃದ್ಧೆಯು ತಾನೇ ತಂದಿದ್ದ ಚೀಲವನ್ನು ಬಿಡಿಸಿ ಹಿಡಿದಳು. ಹುಡುಗಿಯು ಸಾಮಾನುಗಳನ್ನು ಒಂದೊಂದಾಗಿ ಯಂತ್ರಕ್ಕೆ ತೋರಿಸಿದಳು. ಚಿಲ್ಲರೆಯನ್ನು ಎಣಿಸಿಕೊಡಲು ವೃದ್ಧೆಗೆ ತಡವಾಯಿತು. ಸಾಲಿನ ಹಿಂದಿನಿಂದ ಯಾರೋ ಗೊಣಗಿದರು. "ನಿಧಾನವಾಗಿ ಎಣಿಸಿ ಅಮ್ಮ" ಎಂದಳು ಹುಡುಗಿ. ಅದು ಕಲಿಸಿದ ವಾಕ್ಯವಾಗಿರಲಿಲ್ಲ. ವೃದ್ಧೆಯು ನಾಣ್ಯಗಳನ್ನು ಅವಳ ಅಂಗೈಯಲ್ಲಿಟ್ಟು, "ಊಟವಾಯಿತೇ ಮಗು?" ಎಂದು ಕೇಳಿದಳು. ಬಿಲ್ಲಿನಲ್ಲಿ ಆ ಎರಡು ಮಾತುಗಳೂ ಬರಲಿಲ್ಲ.