ಎರಡಾಣೆಯ ಪ್ರಶ್ನೆ: ಪೇಟೆಯ ಕಾದಂಬರಿಗಳ ಮರುಮುದ್ರಣ ಮೀಮಾಂಸೆ

ನಮ್ಮ ಕಟ್ಟಾಯ ಹೋಬಳಿಯಲ್ಲಿ ಸಾಹಿತ್ಯದ ಮಾತೆತ್ತಿದರೆ ಮೊದಲು ಬಾಯಿಗೆ ಬರುವ ಹೆಸರು ಗೊರೂರು. ಹೇಮಾವತಿ ದಾಟಿ ಮುಂದೆ ಹೋದರೆ ಅರಕಲಗೂಡು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹಳ್ಳಿಯನ್ನು ಬರೆದರು. ಅರಕಲಗೂಡನ್ನು ಹೆಸರಿನ ತಲೆಯಲ್ಲೇ ಹೊತ್ತ ಅರಕಲಗೂಡು ನರಸಿಂಗರಾವ್ ಕೃಷ್ಣರಾಯರು, ಅಂದರೆ ನಮ್ಮ ಅನಕೃ, ಪೇಟೆಯನ್ನು ಬರೆದರು. ಅವರು 1908ರಲ್ಲಿ ಹುಟ್ಟಿದ್ದು ಕೋಲಾರದಲ್ಲಿ ನಿಜ. ಆದರೆ ಆ ‘ಅ’ ನಮ್ಮ ಜಿಲ್ಲೆಯದು, ಬಿಟ್ಟುಕೊಡುವುದಿಲ್ಲ.

ಶಾಸ್ತ್ರದಲ್ಲಿ ಒಂದು ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗ. ಅಷ್ಟು ಶಿಸ್ತು ನನ್ನಿಂದಾಗದು; ಆದರೂ ವಿಷಯ ಇದು: ಐವತ್ತರ ದಶಕದ ಹೊತ್ತಿಗೆ ಬಂದ ಪೇಟೆಯ ಬದುಕಿನ ಕಾದಂಬರಿಗಳನ್ನು ಈಗ ಮತ್ತೆ ಅಚ್ಚು ಹಾಕಬೇಕೆ? ಹಾಕುವುದಾದರೆ ಇದ್ದಂತೆಯೇ ಹಾಕಬೇಕೆ, ತಿದ್ದಿ ಹಾಕಬೇಕೆ? ನನ್ನ ಮನಸ್ಸಿನಲ್ಲಿರುವುದು ಮುಖ್ಯವಾಗಿ ಅನಕೃ ಅವರ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಮತ್ತು ನಿರಂಜನರ ‘ರಂಗಮ್ಮನ ವಠಾರ’. ಹಾಕಬೇಕು, ಇದ್ದಂತೆಯೇ ಹಾಕಬೇಕು ಎಂಬುದು ನನ್ನ ಪಕ್ಷ. ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ.

ಮೊದಲ ಪೂರ್ವಪಕ್ಷ ಊರಿನವರದೇ. ‘ನಮಗೆ ಬೆಂಗಳೂರಿನ ವಠಾರದ ಕತೆ ಕಟ್ಟಿಕೊಂಡು ಏನಾಗಬೇಕು? “ಹಳ್ಳಿಯ ಚಿತ್ರಗಳು” ಇದೆಯಲ್ಲ, ಸಾಕು.’ ಹೀಗೆ ಹೇಳುವವರ ಮನೆಯಲ್ಲೇ ಒಂದಿಬ್ಬರು ಮಕ್ಕಳು ಪೀಣ್ಯದಲ್ಲೋ ಲಗ್ಗೆರೆಯಲ್ಲೋ ಬಾಡಿಗೆಗಿರುತ್ತಾರೆ. ಒಂದು ಕೋಣೆ, ಅದರ ಮೂಲೆಯಲ್ಲೇ ಒಲೆ, ನೀರು ಬಿಡುವ ಹೊತ್ತಿಗೆ ನಲ್ಲಿಯ ಮುಂದೆ ಸಾಲಿಟ್ಟ ಕೊಡ, ತಿಂಗಳ ಮೊದಲ ವಾರ ಬಾಡಿಗೆಗೆ ಬರುವ ಮಾಲೀಕರ ಹೆಜ್ಜೆ ಸಪ್ಪಳ. ‘ರಂಗಮ್ಮನ ವಠಾರ’ ಹೇಳುವುದು ಇದನ್ನೇ. ಅಲ್ಲಿ ನಾಯಕನೂ ಇಲ್ಲ, ನಾಯಕಿಯೂ ಇಲ್ಲ; ಇರುವುದು ವಠಾರ. ಹಳ್ಳಿ ಬಿಟ್ಟವರ ಕತೆ ಹಳ್ಳಿಯದೇ ಕತೆ. ಅಮೆರಿಕದಲ್ಲೂ ಹೀಗೇ ಆಗಿದೆ. ಥಿಯೊಡರ್ ಡ್ರೈಸರ್‌ನ ‘ಸಿಸ್ಟರ್ ಕ್ಯಾರಿ’ ಕಾದಂಬರಿಯಲ್ಲಿ ಹದಿನೆಂಟರ ಹುಡುಗಿ ಸಣ್ಣ ಊರೊಂದರಿಂದ ರೈಲು ಹತ್ತಿ ಶಿಕಾಗೊಗೆ ಹೊರಡುತ್ತಾಳೆ, ಕೈಯಲ್ಲಿ ನಾಲ್ಕು ಡಾಲರ್. ರೈಲಿನ ಬದಲು ಕೆಂಪು ಬಸ್ಸು ಅಂದುಕೊಂಡರೆ ಆ ಹುಡುಗಿಯನ್ನು ನಾನು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಇನ್ನು ಗೊರೂರರ ಹೆಸರು ಹೇಳಿ ಊರಿನಲ್ಲೇ ಕೂರುತ್ತೇವೆ ಅನ್ನುವವರಿಗೆ ಒಂದು ನೆನಪು: ಅವರಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟ ಪುಸ್ತಕ ‘ಅಮೆರಿಕಾದಲ್ಲಿ ಗೊರೂರು’.

ಎರಡನೆಯದು ಹಳೆಯ ಆಕ್ಷೇಪ: ಅಶ್ಲೀಲ. ಅನಕೃ ಅವರ ಆ ಮೂರು ಕಾದಂಬರಿಗಳು ವೇಶ್ಯಾ ಸಮಸ್ಯೆಯನ್ನು ಎತ್ತಿಕೊಂಡಾಗ ಎದ್ದ ಗಲಾಟೆ ದೊಡ್ಡದು. ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಅವರು ಉತ್ತರ ಕೊಟ್ಟರು. ಇದರ ಮೇಲೆ ನಾನು ಹೊತ್ತು ಕಳೆಯುವುದಿಲ್ಲ. ಅಂಗೈಯಲ್ಲಿ ಏನೆಲ್ಲ ತೆರೆದುಕೊಳ್ಳುವ ಕಾಲದಲ್ಲಿ ಆ ಪುಟಗಳಿಂದ ಯಾರೂ ಕೆಡುವುದಿಲ್ಲ. ಆದರೆ ಮರುಮುದ್ರಣ ಮಾಡುವವರು ಆ ವಾದ ಪುಸ್ತಕವನ್ನೂ ಜೊತೆಗೇ ತರಬೇಕು. ಜಗಳ ಗೊತ್ತಿಲ್ಲದಿದ್ದರೆ ಧೈರ್ಯವೂ ಗೊತ್ತಾಗುವುದಿಲ್ಲ.

ಮೂರನೆಯ ಆಕ್ಷೇಪಕ್ಕೆ ತೂಕವಿದೆ. ‘ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದವರು. ಅವಸರದ ಬರಹ, ಪಾತ್ರಗಳ ಬಾಯಲ್ಲಿ ಭಾಷಣ, ಬೇಕೆಂದಾಗ ಬಂದೊದಗುವ ಕಾಕತಾಳೀಯ. ಇಂಥದ್ದಕ್ಕೆ ಕಾಗದ ಯಾಕೆ ಹಾಳು?’ ಒಪ್ಪುತ್ತೇನೆ, ಅರ್ಧ. ಅವರ ಎಲ್ಲ ಕಾದಂಬರಿಗಳನ್ನೂ ಸಂಪುಟ ಕಟ್ಟಿ ಬೀರು ತುಂಬಿಸುವ ಹುಮ್ಮಸ್ಸು ನನಗೂ ಇಲ್ಲ. ಅವುಗಳಲ್ಲಿ ಕೆಲವನ್ನು ಮುಗಿಸಲು ನನ್ನಿಂದಲೇ ಆಗಿಲ್ಲ. ಆದರೆ ವಾಸ್ತವದ ಬರಹವನ್ನು ಅಳೆಯುವಾಗ ಕಟ್ಟಡದ ಅಂದವೊಂದನ್ನೇ ನೋಡಿದರೆ ಸಾಲದು. ಬಾಡಿಗೆ ಎಷ್ಟು, ಸಂಬಳ ಎಷ್ಟು, ಹೋಟೆಲಿನಲ್ಲಿ ಏನು ಸಿಗುತ್ತಿತ್ತು, ಹೆಂಗಸೊಬ್ಬಳು ಸಂಜೆ ಎಷ್ಟು ಹೊತ್ತಿನವರೆಗೆ ಬೀದಿಯಲ್ಲಿರಬಹುದಿತ್ತು—ಇವನ್ನು ಬರೆದಿಟ್ಟ ಚರಿತ್ರೆಕಾರರು ನಮ್ಮಲ್ಲಿ ಕಡಿಮೆ. ಕಾದಂಬರಿಕಾರರು ಬರೆದರು, ಅದೂ ಬೇರೇನನ್ನೋ ಹೇಳಹೊರಟಾಗ. ಡ್ರೈಸರ್‌ನ ಗದ್ಯ ಒರಟು ಎಂದು ಅವನ ಅಭಿಮಾನಿಗಳೂ ಒಪ್ಪುತ್ತಾರೆ; ಹಾಗಂತ ಓದುವುದನ್ನು ಬಿಟ್ಟಿಲ್ಲ.

ಈಗ ನಿಜವಾದ ಗಂಟು. ನಾಲ್ಕನೆಯ ಪೂರ್ವಪಕ್ಷಿ ನಮ್ಮವನೇ, ಪ್ರಕಾಶಕ: ‘ಹಾಕೋಣ, ಆದರೆ ಕಾಲಕ್ಕೆ ತಕ್ಕಂತೆ ತಿದ್ದಿ ಹಾಕೋಣ. ಈಗಿನ ಹುಡುಗರಿಗೆ ಆಣೆ ಗೊತ್ತಿಲ್ಲ, ಸೇರು ಗೊತ್ತಿಲ್ಲ. ಉದ್ದುದ್ದ ಮುನ್ನುಡಿ ಬೇಡ. ಹಳೆಯ ಕಾಗುಣಿತ ಬೇಡ.’

ಒಂದು ಅನುಭವ ಹೇಳುತ್ತೇನೆ. ಹಾಸನದ ಒಂದು ಮುದ್ರಣಾಲಯದಲ್ಲಿ ಹಳೆಯ ಕಾದಂಬರಿಯೊಂದರ ಕರಡು ತಿದ್ದುತ್ತಿದ್ದೆ. ಮೂಲ ಪ್ರತಿ ಮೊಳೆ ಜೋಡಿಸಿದ ಕಾಲದ್ದು. ಬೆನ್ನು ಬಿಟ್ಟಿತ್ತು, ಹಾಳೆ ಮಗುಚಿದರೆ ಅಂಚು ಹಪ್ಪಳದಂತೆ ಮುರಿಯುತ್ತಿತ್ತು. ಹೊಸದಾಗಿ ಡಿಟಿಪಿ ಮಾಡಿದ ಕರಡಿನಲ್ಲಿ, ಊಟಕ್ಕೆ ಗತಿಯಿಲ್ಲದ ಗುಮಾಸ್ತನ ಜೇಬಿನಲ್ಲಿ ‘ಎರಡಾನೆ’ ಇದ್ದವು. ಆಲೂರು, ಸಕಲೇಶಪುರದ ಕಡೆ ಆನೆ ಗದ್ದೆಗೆ ಇಳಿಯುವುದು ನಮಗೆ ಹೊಸದಲ್ಲ. ಜೇಬಿಗೆ ಇಳಿದದ್ದು ಅದೇ ಮೊದಲು. ಟೈಪು ಮಾಡಿದ ಹುಡುಗಿಯದು ತಪ್ಪೆನ್ನಲಾರೆ. ಆಣೆ ಎಂಬುದನ್ನು ಅವಳು ಎಲ್ಲೂ ಓದಿರಲಿಲ್ಲ, ಆನೆಯನ್ನು ನೋಡಿದ್ದಳು. ತಪ್ಪು ಪದದಲ್ಲಿಲ್ಲ, ನಡುವೆ ಕಡಿದುಹೋದ ಎಳೆಯಲ್ಲಿದೆ. ‘ಎರಡಾಣೆ’ಯನ್ನು ‘ಹತ್ತು ರೂಪಾಯಿ’ ಎಂದು ತಿದ್ದಿದರೆ ಆ ಎಳೆ ಕೂಡುವುದಿಲ್ಲ. ಕಡಿದದ್ದು ಕಾಣದಂತಾಗುತ್ತದೆ, ಅಷ್ಟೆ.

ತಿದ್ದಿದ ಪಾಠ ಎಂಥ ಗೋಜಲು ತರುತ್ತದೆ ಎಂಬುದಕ್ಕೆ ಅಮೆರಿಕನ್ನರೇ ಸಾಕ್ಷಿ. ಸ್ಟೀಫನ್ ಕ್ರೇನ್ 1893ರಲ್ಲಿ ನ್ಯೂಯಾರ್ಕಿನ ಕೊಳೆಗೇರಿಯ ಹುಡುಗಿ ಮ್ಯಾಗಿಯ ಕತೆಯನ್ನು ಸ್ವಂತ ಖರ್ಚಿನಲ್ಲಿ, ಬೇರೆ ಹೆಸರಿನಲ್ಲಿ ಅಚ್ಚು ಹಾಕಿಸಿದ. 1896ರಲ್ಲಿ ದೊಡ್ಡ ಪ್ರಕಾಶಕರು ಮುಂದೆ ಬಂದಾಗ ಬೈಗುಳಗಳನ್ನು ತೆಗೆದ, ಒಂದಷ್ಟು ಮೆತ್ತಗೆ ಮಾಡಿದ. ಯಾವುದು ಅಸಲು ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ‘ಸಿಸ್ಟರ್ ಕ್ಯಾರಿ’ 1900ರಲ್ಲಿ ಬರುವ ಮುಂಚೆ ಲೇಖಕನ ಹೆಂಡತಿಯೂ ಒಬ್ಬ ಗೆಳೆಯನೂ ಹಸ್ತಪ್ರತಿಗೆ ಕತ್ತರಿ ಆಡಿಸಿದ್ದರು. 1981ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಹಸ್ತಪ್ರತಿ ಹಿಡಿದು ಸುಮಾರು 36,000 ಪದಗಳನ್ನು ಮರಳಿ ಸೇರಿಸಿತು. ಆದರೆ ಕತ್ತರಿಯನ್ನು ಲೇಖಕನೇ ಒಪ್ಪಿದ್ದನಲ್ಲ? ಈ ಪ್ರಶ್ನೆಗೆ ಉತ್ತರ ಸುಲಭವಿಲ್ಲ. ಎರಡೂ ಪಾಠಗಳು ಓದುಗರ ಕೈಗೆ ಸಿಗುತ್ತಿರುವುದು, ಎರಡೂ ಎಲ್ಲೋ ಉಳಿದದ್ದರಿಂದ. ನಮ್ಮಲ್ಲಿ ಎಷ್ಟೋ ಮರುಮುದ್ರಣಗಳ ಒಳಪುಟದಲ್ಲಿ ಮೊದಲ ಮುದ್ರಣದ ಇಸವಿಯೇ ಇರುವುದಿಲ್ಲ! ಎಷ್ಟನೆಯ ಮುದ್ರಣ, ಯಾವ ಪ್ರತಿಯಿಂದ ಜೋಡಿಸಿದ್ದು, ಲೇಖಕರು ಬದುಕಿದ್ದಾಗ ತಿದ್ದಿದ್ದರೆ ಎಲ್ಲಿ, ಈ ಮೂರು ಸಾಲಿಗೆ ಹೆಚ್ಚು ಕಾಗದವೇನೂ ಬೇಡ.

‘ಯಾರು ಕೊಳ್ಳುತ್ತಾರೆ?’ ಎಂಬುದು ಐದನೆಯದು. ಡ್ರೈಸರ್‌ನ ಮೊದಲ ಮುದ್ರಣ 1,008 ಪ್ರತಿ, ಮಾರಾಟವಾದದ್ದು 456. ಅದು 1907ರಲ್ಲಿ ಬೇರೆ ಪ್ರಕಾಶಕರ ಕೈಯಿಂದ ಮತ್ತೆ ಬಂದ ಮೇಲೆ ಪುಸ್ತಕ ಬದುಕಿತು. ಈಗ ನೂರು ಪ್ರತಿ ತೆಗೆದರೂ ಮುಳುಗದ ತಂತ್ರಜ್ಞಾನವಿದೆ. ಪಂಚಾಯಿತಿಗಳ ಅರಿವು ಕೇಂದ್ರಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಜೊತೆ ಇವೂ ಒಂದೊಂದು ಹೋಗಲಿ.

ಅವಸರಕ್ಕೆ ಬೇರೊಂದು ಕಾರಣವಿದೆ. ಲೇಖಕರು ತೀರಿದ ಮರುವರ್ಷದಿಂದ ಅರವತ್ತು ವರ್ಷ ಹಕ್ಕುಸ್ವಾಮ್ಯ ಎಂಬುದು ನಮ್ಮ ಕಾನೂನು. ಅನಕೃ ತೀರಿಕೊಂಡದ್ದು 1971ರಲ್ಲಿ. 2032ರ ಜನವರಿ 1ರಿಂದ ಯಾರು ಬೇಕಾದರೂ ಅವರನ್ನು ಅಚ್ಚು ಹಾಕಬಹುದು, ಆನೆಗಳ ಸಮೇತ. ಅಷ್ಟರೊಳಗೆ ಒಂದು ನೆಚ್ಚುವ ಪಾಠ ಸಿದ್ಧವಿದ್ದರೆ ಆಮೇಲೆ ಬರುವವರು ಅದನ್ನೇ ನಕಲು ಮಾಡಿಯಾರು. ಕದಿಯುವವರೂ ಒಳ್ಳೆಯದನ್ನೇ ಕದಿಯಲಿ.

ಆ ಕರಡಿಗೆ ಕೆಂಪು ಶಾಯಿಯಲ್ಲಿ ‘ಣೆ’ ಬರೆದುಕೊಟ್ಟೆ. ಹುಡುಗಿ ಕೇಳಿದಳು: ‘ಸರ್, ಒಂದಾಣೆ ಅಂದ್ರೆ ಎಷ್ಟು?’

‘ಹದಿನಾರು ಸೇರಿದ್ರೆ ಒಂದು ರೂಪಾಯಿ ಕಣಮ್ಮ. ಆರೂಕಾಲು ಪೈಸೆ.’

‘ಅದನ್ನ ಪುಟದ ಕೆಳಗೆ ಹಾಕ್ಲಾ? ಸಣ್ಣ ಅಕ್ಷರದಲ್ಲಿ?’

‘ಹಾಕು’ ಅಂದೆ.