ಹೋದವರು, ಉಳಿದವರು

ಚಿತ್ರದುರ್ಗ ಜಿಲ್ಲೆಯವಳಿಗೆ ಕಡಲಿನ ಮಾತೇಕೆ ಎಂದು ನೀವು ಕೇಳಬಹುದು. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ಮಾರಿಕಣಿವೆಯ ಕೆರೆಗೇ ವಾಣಿವಿಲಾಸ ಸಾಗರವೆಂದು ಹೆಸರಿಟ್ಟು ತೃಪ್ತಿಪಟ್ಟವರು ನಾವು. 1933ರಲ್ಲಿ ಕೋಡಿ ಬಿದ್ದ ಆ ಸಾಗರ ಮತ್ತೆ ತುಂಬಿ ಹರಿದದ್ದು 2022ರಲ್ಲಿ. ಕಾಯುವುದೆಂದರೇನೆಂದು ನಮಗೂ ಅಷ್ಟಿಷ್ಟು ಗೊತ್ತು.

ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮೊದಲಾದ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ಗಂಡಸರು ಹಾಯಿ ಕಟ್ಟಿದ 'ಓಡ'ಗಳಲ್ಲಿ ತೆಂಗಿನಕಾಯಿ, ನಾರಿನ ಹುರಿ ತುಂಬಿಕೊಂಡು ಮಂಗಳೂರಿಗೆ ಬಂದು, ಅಕ್ಕಿ ಒಯ್ಯುತ್ತಿದ್ದರು. ನಡುವೆ ನೆಲವೆಂಬುದಿಲ್ಲ. ದಿಕ್ಕು ತೋರಿಸಲು ನಕ್ಷತ್ರಗಳು. ಮುಂಗಾರು ಶುರುವಾದರೆ ಕಡಲ ದಾರಿಯೇ ಬಂದ್. ಅಷ್ಟರೊಳಗೆ ಅಕ್ಕಿ ಮನೆ ಸೇರಬೇಕು.

ಆ ನಾವಿಕರ ಧೈರ್ಯಕ್ಕೆ ಯಾರಾದರೂ ಕೈಮುಗಿಯಬೇಕು. ಆದರೆ ನನ್ನ ಮನಸ್ಸು ಆ ಹುರಿಯ ಹತ್ತಿರವೇ ನಿಂತುಬಿಡುತ್ತದೆ. ತೆಂಗಿನ ಸಿಪ್ಪೆಯನ್ನು ದ್ವೀಪದಂಚಿನ ತಿಳಿನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ತೆಗೆದು, ಬಡಿದು, ಹೊಸೆಯುತ್ತಿದ್ದವರು ಹೆಂಗಸರು. ಹಳೆಯ ಓಡಗಳ ಹಲಗೆಗಳನ್ನು ಮೊಳೆಯಿಂದಲ್ಲ, ಇಂಥ ಹುರಿಯಿಂದಲೇ ಹೊಲಿಯುತ್ತಿದ್ದರು. ಗಂಡ ನಡುಗಡಲಿನಲ್ಲಿ ಮುಳುಗದೆ ಉಳಿದದ್ದು ಮನೆಯಲ್ಲಿ ಕುಳಿತವಳ ಕೈಕೆಲಸದಿಂದಲೂ ಹೌದು. ಹಾಗಾದರೆ ಆ ಪ್ರಯಾಣ ಯಾರದು? ಹೋದವರದೋ, ಉಳಿದವರದೋ?

ಇಬ್ಬರದೂ ಎನ್ನುವುದು ಸುಲಭ. ತಾಯಂದಿರ ದಿನದ ಭಾಷಣಗಳಲ್ಲಿ ನಾವೆಲ್ಲ ಕೇಳಿದ ಉತ್ತರವೇ ಅದು. ಆದರೆ ಲೆಕ್ಕ ಬೇರೆಯದೇ ಹೇಳುತ್ತದೆ. ಆ ಹುರಿಯ ವ್ಯಾಪಾರ ಸರ್ಕಾರದ ಏಕಸ್ವಾಮ್ಯವಾಗಿತ್ತು. ಇಷ್ಟು ಹುರಿಗೆ ಇಷ್ಟು ಅಕ್ಕಿ ಎಂದು ದರ ಕಟ್ಟುತ್ತಿದ್ದುದು ಸರ್ಕಾರ. ಆಸ್ತಿ ತಾಯಿಯ ಕಡೆಯಿಂದ ಬರುವ ಸಮಾಜ ಅದು. ಆದರೂ ಹೊಸೆದವಳ ಬೆವರಿಗೆ ಬೆಲೆ ಕಟ್ಟುವಾಗ ಅವಳನ್ನು ಕೇಳುವವರಿರಲಿಲ್ಲ. ಬೆಲೆ ಕೊಡದೆ ಹೊಗಳಿಕೆ ಮಾತ್ರ ಕೊಟ್ಟರೆ ಅದು ಗೌರವವೆ?

ನಮ್ಮ ಓಬವ್ವನನ್ನೇ ನೋಡಿ. ಕಿಂಡಿಯ ಬಳಿ ಒನಕೆ ಎತ್ತಿದ್ದಕ್ಕೆ ಅವಳನ್ನು ಹಾಡಿ ಹೊಗಳುತ್ತೇವೆ. ಅದೇ ಹೊತ್ತಿಗೆ ಗಂಡನಿಗೆ ಊಟಕ್ಕಿಟ್ಟು ನೀರಿಗೆ ಹೊರಟಿದ್ದಳಲ್ಲ, ಆ ಊಟವನ್ನು ಯಾರೂ ಹಾಡುವುದಿಲ್ಲ. ಆ ದಿನ ಹೈದರಾಲಿಯ ಸೈನಿಕರು ಬಾರದೆ ಹೋಗಿದ್ದರೆ ಅವಳ ಹೆಸರೂ ನಮಗೆ ತಿಳಿಯುತ್ತಿರಲಿಲ್ಲ.

ಈಗ ಹೆಂಗಸರೂ ಹೋಗುತ್ತಿದ್ದಾರೆ. ನೌಕಾಪಡೆಯ ದಿಲ್ನಾ ಮತ್ತು ರೂಪಾ ಇಬ್ಬರೇ 2024ರಲ್ಲಿ ಗೋವಾದಿಂದ ಮಾರಿಷಸ್ ದ್ವೀಪಕ್ಕೆ ಹಾಯಿದೋಣಿ ನಡೆಸಿದರು. ಅದೇ ವರ್ಷ ಅಕ್ಟೋಬರ್ 2ರಂದು 56 ಅಡಿಯ 'ತಾರಿಣಿ'ಯಲ್ಲಿ ಹೊರಟು, ಭೂಮಿಯನ್ನೇ ಸುತ್ತಿ, 2025ರ ಮೇ 29ಕ್ಕೆ ಗೋವಾ ತಲುಪಿದರು. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗಿಯೊಬ್ಬಳು ತಾನೂ ನೌಕಾಪಡೆ ಸೇರುತ್ತೇನೆಂದು ಮನೆಯಲ್ಲಿ ಹಟ ಹಿಡಿದಳು. ಅವಳ ಅಜ್ಜಿ ಶಾಲೆಗೇ ಬಂದರು. "ಟೀಚರಮ್ಮಾ, ಹೋಗೋಳು ಹೋಗ್ತಾಳೆ, ಮನೇಲಿ ಅವರಮ್ಮನಿಗೆ ಮೈ ಹುಷಾರಿಲ್ಲ. ನೋಡೋರು ಯಾರು ಹೇಳಿ?" ಎಂದರು.

ಹಳೇ ಕಾಲದ ಮಾತೆಂದು ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ಒಬ್ಬರು ದೂರ ಹೋದಾಗಲೆಲ್ಲ ಇನ್ನೊಬ್ಬರ ಹೆಗಲ ಮೇಲೆ ಭಾರ ಬೀಳುತ್ತದೆ. ಆ ಅಜ್ಜಿ ತಪ್ಪಿದ್ದು ಒಂದೇ ಕಡೆ: ಅದೇ ಮನೆಯಲ್ಲಿದ್ದ ಮೊಮ್ಮಗನ ವಿಷಯದಲ್ಲಿ ಈ ಪ್ರಶ್ನೆ ಅವರ ಬಾಯಿಗೆ ಬರಲಿಲ್ಲ. ನಾನು ಕೇಳಿದ್ದೂ ಅಷ್ಟೇ: "ಅಜ್ಜೀ, ಅವನು ಹೋದರೆ ನೋಡೋರು ಯಾರು?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಹೌದು" ಎಂದರು.

ಉಳಿಯುವುದು ಹೋಗುವುದಕ್ಕಿಂತ ಕಡಿಮೆಯದೆಂದು ನಾನು ಒಪ್ಪುವುದಿಲ್ಲ. ಆದರೆ ಯಾರು ಉಳಿಯಬೇಕೆಂಬುದು ಹುಟ್ಟಿನಿಂದಲೇ ತೀರ್ಮಾನವಾಗಬಾರದು. ಉಳಿದವರ ಕೆಲಸವೂ ಮನೆಯ ಲೆಕ್ಕದ ಪುಸ್ತಕದಲ್ಲಿ ಸೇರಬೇಕು, ಮುಂದಿನ ಸಲ ಹೋಗುವ ಸರದಿ ಅವರಿಗೂ ಸಿಗಬೇಕು. ಇಷ್ಟಾದರೆ ಅಜ್ಜಿಯ ಪ್ರಶ್ನೆಗೆ ಮನೆಮಂದಿಯೆಲ್ಲ ಕೂತು ಉತ್ತರ ಹುಡುಕಬಹುದು. ಹುಡುಗಿಯೊಬ್ಬಳೇ ಉತ್ತರ ಕೊಡಬೇಕಾಗಿಲ್ಲ.