ದೂತಧರ್ಮ ಮತ್ತು ಸತ್ಯಾಣುವ್ರತ

ರಾಜ್ಯ ರಾಜ್ಯಗಳ ನಡುವೆ ಮಾತನ್ನು ಒಯ್ಯುವವನನ್ನು ಪ್ರಾಚೀನರು ದೂತನೆಂದು ಕರೆದರು. ಆಡಬೇಕಾದುದನ್ನು ಅಳೆದು ಆಡುವುದು, ಮಂತ್ರಾಲೋಚನೆಯನ್ನು ಕಾಯುವುದು, ಒಡೆಯನ ಮಾತಿಗೆ ತನ್ನ ಮಾತನ್ನು ಬೆರೆಸದಿರುವುದು ಅವನ ಧರ್ಮ. ಬಹುಕಾಲ ಈ ಕಾರ್ಯ ಕೆಲವೇ ಜನರ ಕೈಯಲ್ಲಿತ್ತು. ಇಂದು ಮಂತ್ರಿಯ ಮಾತು ಕ್ಷಣಾರ್ಧದಲ್ಲಿ ಹಳ್ಳಿಯ ಮೊಬೈಲಿಗೆ ಬರುತ್ತದೆ. ಮೊಬೈಲಿನಲ್ಲಿ ಹುಟ್ಟಿದ ಮಾತು ಮಂತ್ರಿಗಳ ಸಭೆಯವರೆಗೂ ಹೋಗುತ್ತದೆ. ಹೀಗಿರುವಾಗ ದೂತನ ಧರ್ಮವು ಗೃಹಸ್ಥನಿಗೂ ಅನ್ವಯಿಸುವುದಿಲ್ಲವೇ ಎಂಬುದು ವಿಚಾರಣೀಯ.

ಹೊಸ ಸಾಧನದಿಂದ ಆದ ಉಪಕಾರವನ್ನು ಮರೆಯಬಾರದು. 2014ರಿಂದ 2019ರವರೆಗೆ ವಿದೇಶಾಂಗ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್ ಅವರು ಪರದೇಶದಲ್ಲಿ ಸಿಲುಕಿದವರ ಮೊರೆಯನ್ನು ಟ್ವಿಟರಿನಲ್ಲಿಯೇ ಓದಿ, ರಾಯಭಾರ ಕಚೇರಿಗಳಿಗೆ ಸೂಚನೆ ನೀಡುತ್ತಿದ್ದರು. ದೀನನ ಕೂಗು ದೊರೆಗೆ ನೇರವಾಗಿ ತಲುಪುವುದಾದರೆ ಅದು ದಯಾಧರ್ಮಕ್ಕೆ ಸಹಾಯಕವೇ. ಆದರೆ ಮೊರೆಯನ್ನು ಮುಟ್ಟಿಸುವ ದಾರಿಯಲ್ಲಿಯೇ ವೈರವೂ ನಡೆದುಬರುತ್ತದೆ.

ಇದನ್ನು ಅರಿಯಲು ಬೆಳಗಾವಿ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಮೂಡಲಗಿ, ಗೋಕಾಕ, ಹುಕ್ಕೇರಿ ಭಾಗದ ಅನೇಕ ಜೈನ ಮನೆತನಗಳಿಗೆ ಕೊಲ್ಲಾಪುರ, ಸಾಂಗ್ಲಿ ಪರನಾಡಲ್ಲ. ಹೆಣ್ಣು ಕೊಟ್ಟು ತಂದ ಬೀಗರ ನಾಡು. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಕನ್ನಡ ಮತ್ತು ಮರಾಠಿ ಆಡುವ ಶ್ರಾವಕರನ್ನು ಒಂದೇ ಜಮಖಾನೆಯ ಮೇಲೆ ಕೂಡಿಸಿತು. ಬೆಳಗಾವಿ ಸೀಮೆಯಲ್ಲಿ 1872ರಲ್ಲಿ ಜನಿಸಿದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಸಲ್ಲೇಖನ ಕೈಗೊಂಡದ್ದು ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ. ಮುನಿಗಳ ವಿಹಾರಕ್ಕೆ ಗಡಿಯಿಲ್ಲ. ಆದರೆ ರಾಜ್ಯಗಳಿಗೆ ಗಡಿಯಿದೆ, ವಿವಾದವೂ ಇದೆ. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಮರುವರ್ಷ ವರದಿ ನೀಡಿತು. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕಿತು.

2022ರ ಡಿಸೆಂಬರಿನಲ್ಲಿ ಈ ಹಳೆಯ ವ್ಯಾಜ್ಯ ಮತ್ತೆ ಹೊತ್ತಿತು. ಡಿಸೆಂಬರ್ 6ರಂದು ಹಿರೇಬಾಗೇವಾಡಿ ಟೋಲ್ ನಾಕಾದಲ್ಲಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಡಿಸೆಂಬರ್ 14ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರು ಮುಖ್ಯಮಂತ್ರಿಗಳಾದ ಬಸವರಾಜ ಬೊಮ್ಮಾಯಿ ಮತ್ತು ಏಕನಾಥ ಶಿಂಧೆ ಅವರನ್ನು ದೆಹಲಿಯಲ್ಲಿ ಕೂಡಿಸಿದರು. ನ್ಯಾಯಾಲಯದ ತೀರ್ಪಿನವರೆಗೆ ಯಾವ ರಾಜ್ಯವೂ ಹಕ್ಕು ಸಾಧಿಸಬಾರದು, ತಲಾ ಮೂವರು ಮಂತ್ರಿಗಳು ಕೂಡಿ ಮಾತನಾಡಬೇಕು ಎಂದು ನಿಶ್ಚಯವಾಯಿತು. ದೊಡ್ಡ ನಾಯಕರ ಹೆಸರಿನ ನಕಲಿ ಟ್ವಿಟರ್ ಖಾತೆಗಳೂ ಕಿಡಿ ಹೆಚ್ಚಿಸಿವೆ, ಅವುಗಳ ಮೇಲೆ ಮೊಕದ್ದಮೆ ಹೂಡಲಾಗುವುದು ಎಂದು ಗೃಹ ಸಚಿವರು ಸಾರಿದರು. ಯಾವ ಮಾತು ನಿಜವಾಗಿ ಯಾರದು ಎಂಬುದೇ ಅನಂತರ ಚರ್ಚೆಯ ವಸ್ತುವಾಯಿತು. ಆಡಿದವನಾರೆಂದು ತಿಳಿಯದ ಮಾತಿನ ಫಲವನ್ನು ಲಾರಿಯ ಚಾಲಕನೂ ತವರಿಗೆ ಹೊರಟ ಹೆಣ್ಣುಮಗಳೂ ಉಣ್ಣಬೇಕಾಯಿತು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯನ್ನು ಹೇಳಿದ್ದಾರೆ. ಪರರು ಆಡದ ಮಾತನ್ನು ಅವರದೆಂದು ಬರೆಯುವುದೇ ಕೂಟಲೇಖ. ನಕಲಿ ಖಾತೆಗೆ ಇದಕ್ಕಿಂತ ಸರಿಯಾದ ಹೆಸರಿಲ್ಲ. ಈಗ ಲೇಖವಷ್ಟೇ ಅಲ್ಲ, ಮುಖವೂ ಧ್ವನಿಯೂ ಕೂಟವಾಗಿವೆ. 2022ರ ಮಾರ್ಚಿನಲ್ಲಿ ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ಶಸ್ತ್ರ ಕೆಳಗಿಡಲು ತಮ್ಮ ಸೈನಿಕರಿಗೆ ಹೇಳುವಂತೆ ತೋರಿಸುವ ಕೃತಕ ವಿಡಿಯೋ ಹರಡಿತ್ತು.

ದೋಷ ಯಂತ್ರದ್ದು ಎನ್ನುವವರು ಹಳೆಯ ಚರಿತ್ರೆಯನ್ನು ನೋಡಬೇಕು. 1870ರ ಜುಲೈಯಲ್ಲಿ ಪ್ರಷ್ಯದ ಬಿಸ್ಮಾರ್ಕ್, ತನ್ನ ಅರಸನಿಗೂ ಫ್ರಾನ್ಸಿನ ರಾಯಭಾರಿಗೂ ಎಮ್ಸ್ ಎಂಬಲ್ಲಿ ನಡೆದ ಸಂಭಾಷಣೆಯ ತಂತಿಯನ್ನು ಕತ್ತರಿಸಿ, ಕಟುವಾಗಿ ಕಾಣುವಂತೆ ಮಾಡಿ ಪತ್ರಿಕೆಗಳಿಗೆ ಕೊಟ್ಟನು. ವಾರವೊಂದು ಕಳೆಯುವುದರೊಳಗೆ ಫ್ರಾನ್ಸ್ ಯುದ್ಧ ಸಾರಿತು. ಅಂದು ತಂತಿ, ಇಂದು ಮೊಬೈಲು; ಕಷಾಯ ಅದೇ. ಆದರೆ ಅಂದು ಕತ್ತರಿ ಒಬ್ಬನ ಕೈಯಲ್ಲಿತ್ತು, ಇಂದು ಎಲ್ಲರ ಕೈಯಲ್ಲಿದೆ.

ಇಲ್ಲಿಯೇ ಗೃಹಸ್ಥನ ಹೊಣೆ ಆರಂಭವಾಗುತ್ತದೆ. ‘ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ’ ಎಂಬ ಸಮಾಧಾನವನ್ನು ಜೈನಾಚಾರವು ಒಪ್ಪುವುದಿಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಿಂದಲೂ ಕರ್ಮಾಸ್ರವವಾಗುತ್ತದೆ. ಬರೆದವನದು ಕೃತ, ಹತ್ತು ಜನರಿಗೆ ಕಳಿಸಿ ಅವರಿಂದ ಮುಂದೆ ಕಳಿಸುವಂತೆ ಮಾಡಿದವನದು ಕಾರಿತ, ಓದಿ ಹಿಗ್ಗಿ ಮೆಚ್ಚುಗೆಯ ಗುರುತು ಒತ್ತಿದವನದು ಅನುಮೋದನ. 2025ರ ಮೇ 10ರಂದು ಭಾರತ-ಪಾಕಿಸ್ತಾನಗಳ ನಡುವೆ ಗುಂಡಿನ ಕಾಳಗ ನಿಲ್ಲುವುದೆಂದು ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಅವರು ಪ್ರಕಟಿಸಿದರು. ಸರ್ಕಾರದ ನಿರ್ಣಯವನ್ನು ತಿಳಿಸಿದ್ದಷ್ಟೇ ಅವರ ಕೆಲಸ. ಅವರನ್ನೂ ಅವರ ಕುಟುಂಬವನ್ನೂ ಸಾಮಾಜಿಕ ಜಾಲತಾಣದಲ್ಲಿ ನಿಂದಿಸಿದರು. ಅವರು ತಮ್ಮ ಖಾತೆಯನ್ನು ಮುಚ್ಚಿಟ್ಟುಕೊಳ್ಳಬೇಕಾಯಿತು. ದೂತನು ಅವಧ್ಯನೆಂಬುದು ಈ ನಾಡಿನ ಹಳೆಯ ನೀತಿ. ಶಾಂತಿಯ ಸುದ್ದಿ ತಂದವನನ್ನು ಮಾತಿನಿಂದ ಹೊಡೆದವರಲ್ಲಿ ಅನೇಕರು ಮನೆಯಲ್ಲಿ ಇರುವೆಯನ್ನೂ ತುಳಿಯದವರಿರಬಹುದು.

ಹಾಗಾದರೆ ಎಲ್ಲವನ್ನೂ ಮುಚ್ಚಿಡುವುದೇ ಧರ್ಮವೇ ಎಂಬ ಪ್ರಶ್ನೆ ನ್ಯಾಯವಾದುದು. 2010ರ ನವೆಂಬರಿನಿಂದ ವಿಕಿಲೀಕ್ಸ್ ಸಂಸ್ಥೆಯು ಅಮೆರಿಕದ ಎರಡೂವರೆ ಲಕ್ಷಕ್ಕೂ ಮಿಕ್ಕ ರಾಯಭಾರ ಪತ್ರಗಳನ್ನು ಬಯಲಿಗಿಡತೊಡಗಿತು. ಅವು ಸುಳ್ಳಲ್ಲ, ಆಳುವವರ ಕಪಟವನ್ನು ಜನ ತಿಳಿಯುವುದು ತಪ್ಪೂ ಅಲ್ಲ. ಆದರೆ ಪರರ ಗುಟ್ಟನ್ನು ಅವರಿಗೆ ಕೇಡಾಗುವಂತೆ ಒಡೆಯುವ ಸಾಕಾರಮಂತ್ರಭೇದವೂ ಅತಿಚಾರಗಳಲ್ಲಿ ಒಂದು. ಪ್ರಾಣಿಗಳಿಗೆ ಪೀಡೆ ತರುವ ಮಾತು, ಇದ್ದದ್ದನ್ನೇ ಹೇಳಿದರೂ, ಪ್ರಶಸ್ತವಲ್ಲವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಆದ್ದರಿಂದ ನಿಜವೇ ಎಂಬ ಒಂದು ಪ್ರಶ್ನೆ ಸಾಲದು. ಯಾರನ್ನು ಉಳಿಸಲು, ಯಾರನ್ನು ನೋಯಿಸಲು ಎಂಬುದನ್ನೂ ಕೇಳಿಕೊಳ್ಳಬೇಕು. ಅನ್ಯಾಯಕ್ಕೆ ಸಿಲುಕಿದವನನ್ನು ಉಳಿಸಲು ಆಡಿದ ಮಾತು ಬೇರೆ, ಸಂಧಿಯ ಮಾತು ಹದಕ್ಕೆ ಬರುವ ಮೊದಲೇ ಅದನ್ನು ಒಡೆದು ಮೆರೆಯುವುದು ಬೇರೆ.

ಅನೇಕಾಂತವು ಎದುರು ಪಕ್ಷದ ಮಾತಿನಲ್ಲಿರುವ ಸತ್ಯಾಂಶವನ್ನು ಹುಡುಕಲು ಹೇಳುತ್ತದೆ. ಅದಕ್ಕೆ ಸಮಯ ಬೇಕು. ಜಾಲತಾಣ ಸಮಯ ಕೊಡುವುದಿಲ್ಲ. ಆ ಸಮಯವನ್ನು ಶ್ರಾವಕನೇ ತನ್ನ ಸಂಯಮದಿಂದ ಗಳಿಸಿಕೊಳ್ಳಬೇಕು. ಬಸದಿಯ ಟ್ರಸ್ಟುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಗಡಿ, ಭಾಷೆ, ಮತಗಳ ವಿಷಯದ ಮೂಲವರಿಯದ ಸಂದೇಶವನ್ನು ಹಾಕಬಾರದೆಂಬ ಕಟ್ಟಳೆಯನ್ನು ಕಾರ್ಯಕಾರಿ ಮಂಡಳಿಯು ಮಾಡಬಹುದು. ದಶಲಕ್ಷಣ ಪರ್ವದ ಉತ್ತಮ ಸತ್ಯದ ದಿನ ಮಕ್ಕಳಿಗೆ ಕೂಟಲೇಖದ ಅರ್ಥವನ್ನು ಇಂದಿನ ಉದಾಹರಣೆಯೊಡನೆ ಹೇಳಿಕೊಡಬಹುದು. ಮುನಿಗಳಿಗೆ ಭಾಷಾಸಮಿತಿ, ವಚನಗುಪ್ತಿಗಳಿವೆ. ಗೃಹಸ್ಥನಿಗೆ ಅಷ್ಟು ಸಾಧ್ಯವಾಗದಿದ್ದರೂ, ಕಳಿಸುವ ಮುನ್ನ ಒಂದು ಣಮೋಕಾರ ಜಪಿಸುವಷ್ಟು ಹೊತ್ತು ಬೆರಳನ್ನು ತಡೆಹಿಡಿಯುವುದು ಅಸಾಧ್ಯವಲ್ಲ.